ನೂರ ಹನ್ನೆರಡು ತುಂಡಿನ ಬಾಗಿಲು

ಉಜ್ಜಕ್ಕನಿಗೆ ಇನ್ನೂ ಸಲ್ಲಬೇಕಾದ ಬಾಕಿ ಒಂದು ಬಾಗಿಲು. ಕಕ್ಕಸಿನ ಬಾಗಿಲು. ಅದರ ಚಿಲಕ ಅವಳ ಬುತ್ತಿಚೀಲದಲ್ಲೇ ಇದೆ. ಬಾಗಿಲು ಮಾತ್ರ ಊರೂರು ತಿರುಗುತ್ತಿದೆ.

ಮರ ಉಜ್ಜುವವಳು, ಅದಕ್ಕೇ ಆ ಹೆಸರು. ಅಪ್ಪ ಬಡಗಿ. ಅವನು ಕಲಿಸಿದ ಮೊದಲ ಪಾಠ: ಏನನ್ನೇ ಬಿಚ್ಚು, ತುಂಡುತುಂಡಿಗೂ ಪೆನ್ಸಿಲಿನಲ್ಲಿ ನಂಬರು ಹಾಕು, ಇಲ್ಲದಿದ್ದರೆ ಮಂಚ ಬಿಚ್ಚಿದವನು ಏಣಿ ಜೋಡಿಸಿಬಿಡುತ್ತಾನೆ. ಹದಿನಾರು ವರ್ಷ ಮೇಜು ಕುರ್ಚಿ ಉಜ್ಜಿದ ಮೇಲೆ ಅವಳು ನಾದಿನಿಯ ಜೊತೆ ಸೇರಿದ್ದು ಕಂಪ್ಯೂಟರಿಗೆ ಮರದ ಮೌಸ್ ಮಾಡುವ ಕಾರ್ಖಾನೆಗೆ. ಪರಿಸರ ಉಳಿಸುವ ಮೌಸಂತೆ. ಗೋಡೆಯ ಮೇಲೆ ಎಲೆಯ ಚಿತ್ರ, ಬಿಲ್ಲಿನ ಮೇಲೂ ಎಲೆಯ ಚಿತ್ರ.

ಉಳಿಸುವ ಕ್ರಮ ಹೀಗೆ. ಹೊಚ್ಚಹೊಸ ಪ್ಲಾಸ್ಟಿಕ್ ಮೌಸ್‌ಗಳು ಪೆಟ್ಟಿಗೆಗಟ್ಟಲೆ ಬರುತ್ತವೆ. ಒಂದು ಸಾಲಿನ ಹೆಂಗಸರು ಅವುಗಳ ಮೇಲಿನ ಚಿಪ್ಪು ಕಿತ್ತು ಹಿತ್ತಲಿಗೆ ಎಸೆಯುತ್ತಾರೆ. ಇನ್ನೊಂದು ಸಾಲು ಮರದ ಚಿಪ್ಪು ಕೂರಿಸುತ್ತದೆ. ತಳ, ತಂತಿ, ಬ್ಯಾಟರಿ ಎಲ್ಲ ಅದೇ. ಮೇಲೆ ಥಳುಕು, ಒಳಗೆ ಹುಳುಕು. ಹಿತ್ತಲಿನ ಪ್ಲಾಸ್ಟಿಕ್ ಗುಡ್ಡೆ ಕಾಂಪೌಂಡಿನಾಚೆ ಕಾಣತೊಡಗಿದಾಗ ಮ್ಯಾನೇಜರ್ ಕಾಂಪೌಂಡನ್ನು ಎತ್ತರಿಸಿದ.

ಇಷ್ಟಕ್ಕೇ ನಿಂತಿದ್ದರೆ ಸರಿ. ಆದರೆ ಪೆಟ್ಟಿಗೆಯ ಮೇಲೆ ‘ಒಂದೂ ಮರ ಕಡಿದಿಲ್ಲ, ಹಳೆಯ ಮರವೇ’ ಎಂದು ಅಚ್ಚಾಗಿತ್ತು. ಆರ್ಡರ್ ದುಪ್ಪಟ್ಟಾಯಿತು, ಹಳೇ ಮರ ತರುತ್ತಿದ್ದ ಗುಜರಿಯವನು ಕೈಚೆಲ್ಲಿದ. ಮೊದಲು ಕಾವಲುಗಾರನ ಸ್ಟೂಲು ಹೋಯಿತು, ಅವನು ನಿಂತುಕೊಂಡ. ಆಮೇಲೆ ಊಟದ ಬೆಂಚು. ಎಲ್ಲರೂ ನಿಂತುಕೊಂಡೇ ಉಂಡರು. ಒಂದು ಸೋಮವಾರ ಬಣ್ಣ ಕೆರೆಯಲೆಂದು ಉಜ್ಜಕ್ಕನ ಮೇಜಿಗೆ ಬಂದ ಹಲಗೆಗಳಲ್ಲಿ ಒಂದಕ್ಕೆ ಗುರುತಿನ ಮೊಳೆಯಿತ್ತು. ದಿನಾ ತಾನು ಚೀಲ ತೂಗುಹಾಕುವ ಮೊಳೆ. ಅಷ್ಟರಲ್ಲಿ ಹಿತ್ತಲಿನಿಂದ ನಾದಿನಿ ಕೂಗಿದಳು.

“ಅತ್ತಿಗೇ, ಕಕ್ಕಸಿಗೆ ಬಾಗ್ಲೇ ಇಲ್ಲ!”

“ಇಲ್ಲಿದೆ ಕಣೇ, ನನ್ನ ಮೇಜಿನ ಮೇಲೆ!”

ಇಬ್ಬರೂ ಮ್ಯಾನೇಜರ್ ಬಳಿ ಹೋದರು.

“ಹದಿನೆಂಟು ಜನ ಹೆಂಗಸ್ರಿದೀವಿ ಸಾರ್. ಬಾಗ್ಲು ಹಾಕ್ಸಿ,” ಎಂದಳು ಉಜ್ಜಕ್ಕ.

“ಹಾಕ್ಸಬಹುದಮ್ಮ. ಅದಕ್ಕೆ ಒಂದು ಮರ ಕಡೀಬೇಕು. ನಿಮಗೆ ಮನಸ್ಸು ಬರುತ್ತಾ?”

“ಹಂಗಾದ್ರೆ ಪ್ಲಾಸ್ಟಿಕ್‌ದೇ ಹಾಕ್ಸಿ.”

ಅವನು ಕಿವಿ ಮುಚ್ಚಿಕೊಂಡ. “ಪ್ಲಾಸ್ಟಿಕ್ಕಾ! ಇದು ಹಸಿರು ಕಾರ್ಖಾನೆ ಕಣಮ್ಮ. ತಪಾಸಣೆಗೆ ಬಂದೋರು ನೋಡಿದ್ರೆ ನನ್ನ ಮಾನ ಏನಾಗ್ಬೇಕು?”

“ನಿಮ್ಮ ಮಾನಕ್ಕೆ ರೂಮಿದೆ, ಬೀಗ ಇದೆ,” ಎಂದಳು ನಾದಿನಿ. “ನಮ್ಮದಕ್ಕೆ ಒಂದು ಗೋಣಿಚೀಲ.”

ಗೋಣಿಚೀಲವೇ ಗತಿಯಾಯಿತು. ಒಬ್ಬಳು ಒಳಗೆ, ಇಬ್ಬರು ಹೊರಗೆ ಚೀಲ ಹಿಡಿದುಕೊಂಡು. ಮೂವರು ಕೆಲಸ ಬಿಟ್ಟರೆಂದು ಮೇಸ್ತ್ರಿ ಬೈದ. ಹೆಂಗಸರು ನೀರು ಕುಡಿಯುವುದನ್ನೇ ನಿಲ್ಲಿಸಿದರು. ನಾದಿನಿಗೆ ಉರಿಮೂತ್ರ ಹತ್ತಿ ಜ್ವರ ಬಂತು. ಆಗ ಹೆಂಗಸರೆಲ್ಲ ಗೇಟಿಗೆ ಅಡ್ಡ ಕೂತರು, ನಾಲ್ಕು ದಿನ. ಐದನೆಯ ದಿನ ಮ್ಯಾನೇಜರ್ ನಗುತ್ತ ಹೊರಗೆ ಬಂದ.

“ನಿಮ್ಮ ಹಳೇ ಬಾಗಿಲೇ ವಾಪಸ್ ತನ್ನಿ, ನಾನೇ ನಿಂತು ಕೂರಿಸ್ತೀನಿ.”

“ಬರ್ಕೊಡಿ ಸಾರ್,” ಎಂದಳು ಉಜ್ಜಕ್ಕ.

ಮೌಸಾಗಿ ಊರೂರಿಗೆ ಮಾರಾಟವಾದ ಬಾಗಿಲು ವಾಪಸ್ ಬರುವುದುಂಟೇ ಎಂದು ಅವನು ನಗುನಗುತ್ತಲೇ ಬರೆದುಕೊಟ್ಟ. ಸಹಿ ಹಾಕಿ ಎಲೆಯ ಮೊಹರನ್ನೂ ಒತ್ತಿದ. ಬಡಗಿಯ ಮಗಳು ಸುಮ್ಮನೆ ಕೂತಿರಲಿಲ್ಲ ಎಂಬುದು ಅವನಿಗೇನು ಗೊತ್ತು? ಹಲಗೆಗಳು ಚಿಪ್ಪಾಗಿ, ತಟ್ಟೆಯಲ್ಲಿ ಸಾಲಾಗಿ, ಕೊನೆಯ ಸಲ ಉಜ್ಜಲು ಮತ್ತೆ ಅವಳ ಕೈಗೇ ಬಂದಿದ್ದವು. ಒಂದೊಂದರ ಒಳಮೈಗೂ ಅವಳು ಪೆನ್ಸಿಲಿನಲ್ಲಿ ನಂಬರು ಹಾಕಿದ್ದಳು: ಒಂದರಿಂದ ನೂರ ಹನ್ನೆರಡು.

ಇಲ್ಲಿಯವರೆಗೆ ನಾಲ್ಕು ವಾಪಸ್ ಬಂದಿವೆ. ನಾಲ್ಕೂ ಸೇರಿ ಒಂದು ಮೊಣಕಾಲು ಮುಚ್ಚುತ್ತವೆ. ಚೌಕಟ್ಟು ಕಾಯುತ್ತಿದೆ, ಹದಿನೆಂಟು ಹೆಂಗಸರೂ ಕಾಯುತ್ತಿದ್ದಾರೆ.

ಈಗ ನಿಮ್ಮ ಸರದಿ. ಮರದ ಮೌಸ್ ಹಿಡಿದು ಭೂಮಿ ಉಳಿಸುತ್ತಿದ್ದೀರಾ? ಅದನ್ನು ಬೋರಲು ಹಾಕಿ, ತಳದ ಸ್ಕ್ರೂ ಬಿಚ್ಚಿ. ಒಳಗೆ ಪೆನ್ಸಿಲ್ ನಂಬರು ಕಂಡರೆ ಅದು ನಿಮ್ಮದಲ್ಲ. ಚಿಪ್ಪು ಕಿತ್ತು ಕಾರ್ಖಾನೆ ಗೇಟಿಗೆ, ಉಜ್ಜಕ್ಕನ ಹೆಸರಿಗೆ ಕಳಿಸಿ. ಐವತ್ತೇಳನೆಯದು ಯಾರ ಹತ್ತಿರವಿದೆಯೋ, ಅವರು ಇವತ್ತೇ ಕಳಿಸಬೇಕು. ಚಿಲಕ ಕೂರುವುದು ಅಲ್ಲೇ.