ಕೇದಾರರ ಮುಂದಿನ ಚಕ್ರ

ಚಾಮರಾಜಪೇಟೆಯ ಕೇದಾರ್ ಮಗಳ ಸೈಕಲ್ಲಿನ ಮುಂದಿನ ಚಕ್ರವನ್ನು ತಾವೇ ಕಟ್ಟುವುದಾಗಿ ಹೊರಟು ಮೂರು ವರ್ಷವಾಯಿತು. ರಿಮ್ಮು, ಕಡ್ಡಿಗಳು ಬಂದಿವೆ. ನಡುವೆ ಕೂರಬೇಕಾದ ಹಬ್ ಮಾತ್ರ ಇನ್ನೂ ಅವರ ಪರೀಕ್ಷೆಯಲ್ಲಿ ಪಾಸಾಗಿಲ್ಲ. ಪ್ರತಿ ಭಾನುವಾರ ರಾಮಾಂಜಿನಪ್ಪನ ಸೈಕಲ್ ಅಂಗಡಿಗೆ ಹೋಗಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ತಿರುಗಿಸಿ, ಹೃದಯ ತಜ್ಞರ ಮುಖ ಮಾಡಿಕೊಂಡು, ‘ಬೇರಿಂಗ್ ಸ್ವಲ್ಪ ಗೊಣಗುತ್ತೆ ಕಣ್ರೀ’ ಎಂದು ವಾಪಸಿಡುತ್ತಾರೆ. ‘ಸಾರ್, ಎಳನೀರಿನವರು ಇದ್ರ ಮೇಲೆ ಎಂಬತ್ತು ಕಾಯಿ ಹೇರ್ಕೊಂಡು ಹೋಗ್ತಾರೆ, ನಿಮ್ಮ ಮಗಳು ಅಷ್ಟು ಭಾರ ಇದಾರಾ?’ ಎಂದು ರಾಮಾಂಜಿನಪ್ಪ ಕೇಳಿದರೆ, ‘ಮುಂದಿನ ವಾರ ನೋಡೋಣ’ ಎನ್ನುತ್ತಾರೆ. ಆಯುಧಪೂಜೆಯ ದಿನ ಬೀದಿಯ ಸೈಕಲ್ಲುಗಳಿಗೆಲ್ಲ ಎರಡೆರಡು ನಿಂಬೆಹಣ್ಣು. ಇವರದಕ್ಕೆ ಹಿಂದಿನ ಚಕ್ರದ ಕೆಳಗೆ ಒಂದೇ. ಹಳೆಯ ಮುಂದಿನ ಚಕ್ರವನ್ನು ಕಟ್ಟಿದ್ದೂ ಇವರೇ. ಅದರ ಹಬ್ ನಡುರಸ್ತೆಯಲ್ಲಿ ಕಚ್ಚಿಕೊಂಡು ಚಕ್ರ ನಿಂತ ದಿನದ ಹೊಲಿಗೆಯ ಗುರುತು ಮಗಳು ಶರಣ್ಯಳ ಗದ್ದದ ಮೇಲಿದೆ. ಅವಳು ಹೇಳುವುದು ಇಷ್ಟೇ: ‘ಯಾವ್ದಾದ್ರೂ ಹಾಕಪ್ಪ, ನೀನು ಕಟ್ಟಿದ್ರೆ ಸಾಕು.’