ಸೌಂಡ್ ಹಿಂದಿ, ತುಟಿ ಕನ್ನಡ

ಇವತ್ತು ಮುಂಜಾನೆ ಒಗೆಯಲಿಕ್ಕೆ ಅರಿವೆ ಬೇರೆ ಮಾಡುತ್ತ ಕೂತಿದ್ದೆ. ಮಗಳ ಓಢಣಿ ಕೈಗೆ ಬಂತು ನೋಡ್ರಿ, ಅದರ ತುಂಬ ಪಾಪ್‌ಕಾರ್ನಿನ ವಾಸನೆ. ಬೆಣ್ಣೆ, ಉಪ್ಪು, ಅದರ ಹಿಂದಿನಿಂದ ಟಾಕೀಜಿನ ತಣ್ಣನೆ ಗಾಳಿಯ ಮುಗ್ಗು ವಾಸನೆ. ಕೊಲ್ಲಾಪುರದ ಹಾಸ್ಟೆಲಿನಿಂದ ಐತವಾರ ಬಂದಿದ್ದಳು, ಪಿಚ್ಚರ್ ನೋಡಿದಳು, ಓಢಣಿ ನನ್ನ ಬುಟ್ಟಿಗೆ ಎಸೆದು ಬಸ್ಸು ಹತ್ತಿದಳು. ಅದನ್ನು ಬಕೆಟ್ಟಿಗೆ ಹಾಕುವುದು ಬಿಟ್ಟು ಮೂಗಿಗೆ ಹಿಡಿದುಕೊಂಡು ಕೂತಿದ್ದಾಗಲೇ ಬಾಜೂ ಮನೆಯಾಕೆ ಕಂಪೌಂಡಿನ ಮೇಲಿಂದ ಇಣುಕಿದಳು. ಅವರು ಮರಾಠಿಯವರು, ಆದರೆ ನನ್ನ ಕನ್ನಡ ತಿಳಿಯುತ್ತದೆ. ನಾವಿಬ್ಬರೂ ಒಬ್ಬರಿಗೊಬ್ಬರು ವೈನಿ, ಅಂದರೆ ಅತ್ತಿಗೆ.

"ವೈನಿ, ಶುಕ್ರವಾರೀ ನವಾ ಪಿಕ್ಚರ ಯೇತೋಯ, ಮಾರಾಮಾರೀಚಾ. ಪೋರಗೀ ಮಾಗಂ ಲಾಗಲೀಯ. ಪಾಠವೂ ಕಾ?"

ಹೊಸ ಹೊಡೆದಾಟದ ಪಿಚ್ಚರು, ಹದಿನಾಲ್ಕರ ಮಗಳು ಬೆನ್ನು ಹತ್ತಿದ್ದಾಳೆ, ಕಳಿಸಲೋ ಬೇಡವೋ ಅಂತ. ನಮ್ಮ ಓಣಿಯಲ್ಲಿ ಈ ವಿಷಯಕ್ಕೆ ಈಗ ನಾನೇ ಕೋರ್ಟು. ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟದ, ಸೋಮವಾರ ಒಪ್ಪತ್ತು ಹಿಡಿಯುವ ಹೆಂಗಸಿಗೆ ಈ ಪಂಚಾಯ್ತಿ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಮ್ಮ ಮಾವನವರಿಂದ ಬಂತು. ನಿಧಾನಕ್ಕೆ ಹೇಳುತ್ತೇನೆ, ಅರಿವೆ ಹೇಗೂ ನೆನೆಯಬೇಕು.

ಮಾವನವರು ಇಲ್ಲೇ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿದ್ದವರು. ನೀವು ಶೆಡ್ಡಿನೊಳಗೆ ಒಮ್ಮೆ ಕಾಲಿಟ್ಟಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಮಗ್ಗಗಳು ಸಾಲಾಗಿ ನಿಂತು ಖಟಕ್ ಖಟಕ್ ಅಂತ ಒಂದೇ ಸವನೆ ಬಡಿಯುವಾಗ ಪಕ್ಕದವನು ಕಿವಿಯಲ್ಲಿ ಬಾಯಿಟ್ಟು ಒದರಿದರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿ ಮಂದಿ ಒದರುವುದಿಲ್ಲ. ತುಟಿ ಆಡಿಸುತ್ತಾರೆ, ಬೆರಳು ತೋರಿಸುತ್ತಾರೆ, ಆ ಗೋಡೆಯಿಂದ ಈ ಗೋಡೆಗೆ ನಿಂತು ಮಗಳ ಮದುವೆಯ ಮಾತೂ ಮುಗಿಸುತ್ತಾರೆ. ಮಾವನವರಿಗೆ ಹಿಂದಿ, ಮರಾಠಿ, ಕನ್ನಡ ಮೂರೂ ತುಟಿಯಲ್ಲಿ ಬರುತ್ತಿದ್ದವು. ಆದರೆ ಶೆಡ್ಡು ಅವರ ಕಿವಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ನಾನು ಸೊಸೆಯಾಗಿ ಬಂದಾಗಲೇ ಅವರಿಗೆ ಏನೂ ಕೇಳುತ್ತಿರಲಿಲ್ಲ. ಕಿವಿಗೆ ಹಾಕುವ ಮಷೀನು ತಂದುಕೊಟ್ಟೆವು. "ಇದರಾಗ ಬರೇ ಗುಂಯ್ ಅಂತೈತಿ, ಮಾತ ಬರಾಂಗಿಲ್ಲ" ಅಂತ ಡಬ್ಬಿಯಲ್ಲಿ ಮುಚ್ಚಿಟ್ಟರು.

ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಅವರು ಭಾಳ ಸುಮ್ಮನಾದರು. ಮುಂಜಾನೆ ವಿಭೂತಿ, ಪೂಜೆ, ಆಮೇಲೆ ಪಡಸಾಲೆಯ ಕುರ್ಚಿ. ಊಟಕ್ಕೆ ಕರೆಯಬೇಕಾದರೆ ನಮ್ಮ ಮನೆಯವರು ಭುಜ ಮುಟ್ಟುವರು, ನಾನು ತಾಟು ಸಪ್ಪಳ ಮಾಡಿ ಇಟ್ಟು ಬರುವೆ. ಕಿವಿ ಕೇಳದವರ ಮುಂದೆ ತಾಟು ಸಪ್ಪಳ ಮಾಡಿದ ಜಾಣೆ ನಾನು!

ಅವರು ಬಾಯಿ ಬಿಟ್ಟು ಮಾತಾಡುತ್ತಿದ್ದುದು ಐತವಾರ ಮಾತ್ರ. ನನ್ನ ಮಗಳು ಶ್ರಾವಣಿಗೆ ಆಗ ಹದಿನಾಲ್ಕು. ಹೊಸ ಪಿಚ್ಚರ್ ಬಿಟ್ಟ ವಾರ ಅಜ್ಜ-ಮೊಮ್ಮಗಳು ಮ್ಯಾಟಿನಿಗೆ ಹೋಗುವುದು ರೂಢಿಯಾಗಿತ್ತು. ಪ್ರೇಮದ ಪಿಚ್ಚರ್ ಬೇಡ, ದೇವರದೂ ಬೇಡ. ಹೊಡೆದಾಟ ಇರಬೇಕು, ಇಲ್ಲವೆ ಕೊಲೆ ಮಾಡಿದವನನ್ನು ಹುಡುಕಬೇಕು. ಬಂದ ಮೇಲೆ ಸಂಜೆಯವರೆಗೂ ಪಡಸಾಲೆಯಲ್ಲಿ ಇಬ್ಬರದೂ ಕೈಯಾಟ, ಬಾಯಾಟ, ನಗು.

ಗಡಹಿಂಗ್ಲಜದಲ್ಲಿರುವ ನನ್ನ ದೊಡ್ಡ ನಾದಿನಿಗೆ, ಅಂದರೆ ಮಾವನವರ ಹಿರಿಯ ಮಗಳಿಗೆ, ಈ ಸುದ್ದಿ ಮುಟ್ಟಿತು. ಅಕ್ಕಾರು ಬೆಲ್ಲದ ವ್ಯಾಪಾರದ ಮನೆಯವರು, ಮಾತು ಮಾತ್ರ ಬೆಲ್ಲದ್ದಲ್ಲ.

"ನೋಡವಾ, ಹೆಣ್ಣಹುಡುಗಿ ಅದು. ಕಡಿ, ಬಡಿ, ರಕ್ತಾ ತೋರಿಸಿ ಏನ ಕಲಿಸಾಕತ್ತೀರಿ? ಅಪ್ಪಾಗ ವಯಸ್ಸಾಗೈತಿ, ತಿಳಿಯಾಂಗಿಲ್ಲ. ನಿನಗರ ತಿಳೀಬೇಕಿಲ್ಲೋ?"

"ತಿಳೀತೈತ್ರಿ ಅಕ್ಕಾರ" ಅಂದೆ. ತಿಳಿದಿರಲಿಲ್ಲ. ಆದರೆ ಹೆದರಿಕೆ ನನಗೂ ಇತ್ತು. ಈಗಿನ ಪಿಚ್ಚರಿನ ಪೋಸ್ಟರ್ ನೋಡಿದರೇ ಸಾಕು, ಹೀರೋ ಯಾರು, ಕೊಲೆಗಾರ ಯಾರು ಗೊತ್ತಾಗುವುದಿಲ್ಲ, ಇಬ್ಬರ ಕೈಯಲ್ಲೂ ಕೊಡಲಿ.

ನಮ್ಮ ಮನೆಯವರು ಜಗಳ ಬೇಡದ ಮನುಷ್ಯ. "ಒಮ್ಮೆ ನೀನ ಹೋಗಿ ನೋಡ್ಕೊಂಡ ಬಾ. ನೀ ಬ್ಯಾಡ ಅಂದ್ರ ನಾ ಅಪ್ಪಾಗ ಬ್ಯಾಡ ಅಂತೇನಿ" ಅಂದುಬಿಟ್ಟರು. ಹೀಗೆ ಆ ಮುದುಕರ ಐತವಾರ ನನ್ನ ನಾಲಿಗೆಯ ಮೇಲೆ ಬಂದು ಕೂತಿತು. ನಾನು ಬೇಡ ಅಂದರೆ ವಾರದ ಆ ಒಂದು ದಿನವೂ ಅವರು ಸುಮ್ಮನಾಗುವರು. ಬೇಕು ಅಂದರೆ ಮಗಳು ಏನಾಗುವಳೋ ಶಿವನೇ ಬಲ್ಲ.

ಹೋದೆವು. ಶಿವನ ದಯೆ, ನನಗೆ ದಾರಿಯ ಕಡೆಯ ಸೀಟು ಸಿಕ್ಕಿತು, ಹೆದರಿಕೆ ಆದರೆ ಎದ್ದು ಹೋಗಲಿಕ್ಕೆ ಅನುಕೂಲ. ನಡುವೆ ಮಗಳು, ಆಚೆ ಮಾವನವರು. ಪಿಚ್ಚರು ಕರ್ನಾಟಕದಲ್ಲಿ ತೆಗೆದದ್ದು, ಇಲ್ಲಿ ಹಿಂದಿ ದನಿ ಹಚ್ಚಿ ಬಿಟ್ಟಿದ್ದರು. ಒಬ್ಬ ಲಾರಿ ಡ್ರೈವರ್, ಅವನ ತಂಗಿ ಒಂದು ದಿನ ಕಾಣೆಯಾಗುತ್ತಾಳೆ, ಅವನು ಹುಡುಕಿಕೊಂಡು ಹೊರಡುತ್ತಾನೆ. ಇಷ್ಟೇ ಕಥೆ. ಆದರೆ ಮೊದಲ ಗುದ್ದಿಗೇ ನಾನು ಕಣ್ಣು ಮುಚ್ಚಿದೆ. ಕೊರಳಲ್ಲಿದ್ದ, ಹುಪರಿಯಲ್ಲಿ ಮಾಡಿಸಿದ ಲಿಂಗದ ಬೆಳ್ಳಿ ಕರಡಿಗೆಯನ್ನು ಗಟ್ಟಿ ಹಿಡಿದುಕೊಂಡು, ಲಿಂಗದಪ್ಪಾ ಕಾಪಾಡು ಅಂತ ಪಂಚಾಕ್ಷರಿ ಶುರು ಮಾಡಿದೆ. ಆ ಡ್ರೈವರನನ್ನು ಕಾಪಾಡಲಿಕ್ಕೋ ನನ್ನನ್ನೋ, ಗೊತ್ತಿಲ್ಲ.

ಶ್ರಾವಣಿ ನನ್ನ ಕಿವಿಗೆ ಬಾಯಿ ಹಚ್ಚಿದಳು. "ಅವ್ವಾ, ಜಪಾ ಮನಸಿನ್ಯಾಗ ಮಾಡ. ಮುಂದಿನ ಮಂದಿ ತಿರುಗಿ ನೋಡಾಕತ್ತಾರ."

ಕಣ್ಣು ಬಿಟ್ಟು ನೋಡಿದೆ. ಪರದೆ ನೋಡಲಿಕ್ಕೆ ಧೈರ್ಯ ಸಾಲದೆ ಪಕ್ಕಕ್ಕೆ ನೋಡಿದೆ. ಅಲ್ಲಿ ಒಂದು ಬೇರೆಯೇ ಪಿಚ್ಚರ್ ನಡೆದಿತ್ತು. ಆ ಗದ್ದಲದಲ್ಲಿ ಇಡೀ ಟಾಕೀಜಿನ ಮಂದಿ ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೂತಿದ್ದರೆ, ಈ ಇಬ್ಬರು ಮಾತ್ರ ಆರಾಮವಾಗಿ ಮಾತಾಡುತ್ತಿದ್ದರು. ದನಿಯೇ ಇಲ್ಲ. ಪರದೆಯ ಬೆಳಕು ಮುಖದ ಮೇಲೆ ಬಿದ್ದಾಗ ಅವಳ ತುಟಿ ಆಡುವುದು, ಅವರ ಬೆರಳು ತಿರುಗುವುದು, ಇಬ್ಬರೂ ತಲೆ ಆಡಿಸುವುದು. ಶೆಡ್ಡಿನ ಮಾತು ನನ್ನ ಮಗಳಿಗೆ ಯಾವಾಗ ಬಂತು? ಪಡಸಾಲೆಯ ಕೈಯಾಟವನ್ನು ನಾನು ಬರೇ ಆಟ ಅಂತ ತಿಳಿದಿದ್ದೆ. ಮಾವನವರ ಅಂಗೈ ಕುರ್ಚಿಯ ಹಿಡಿಕೆಯ ಮೇಲೆ ಚಪ್ಪಟೆಯಾಗಿ ಕೂತಿತ್ತು. ಲಾರಿ ಉರುಳಿದಾಗ ಹಿಡಿಕೆ ನಡುಗಿತು, ಅವರ ಮುಖ ಅರಳಿತು.

ರಕ್ತದ ಒಂದು ಸೀನು ಬಂತು. ಮಾವನವರು ತಟ್ಟನೆ ಮೊಮ್ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದರು. ಅವಳು ಆ ಕೈ ಸರಿಸಿ ತುಟಿ ಆಡಿಸಿದಳು. ಅಷ್ಟು ನನಗೂ ತಿಳಿಯಿತು: "ಬಣ್ಣಾ ಅಜ್ಜಾ, ಬಣ್ಣಾ."

ಆಮೇಲೆ ಒಂದು ಕಡೆ ವಿಲನ್ನಿನ ಮಂದಿ ಡ್ರೈವರನನ್ನು ಸುತ್ತುವರಿದರು. ಹಿಂದಿಯಲ್ಲಿ ಭಾರಿ ದನಿ, ನಿನ್ನ ಕಥೆ ಇವತ್ತು ಮುಗಿಯಿತು ಅಂತ. ಟಾಕೀಜು ಉಸಿರು ಹಿಡಿದಿತ್ತು. ಮಾವನವರು ಖೊಳ್ಳಂತ ನಕ್ಕರು. ಕಿವಿ ಕೇಳದವರ ನಗು ಎಷ್ಟು ದೊಡ್ಡದಿರುತ್ತದೆ ಅಂತ ಅವರಿಗೇನು ಗೊತ್ತು? ನಾಲ್ಕೂ ಕಡೆಯಿಂದ ಮಂದಿ ತಿರುಗಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿದೆ.

ಇಂಟರ್ವಲ್ಲಿನಲ್ಲಿ ಮಗಳನ್ನು ಹಿಡಿದು ಕೇಳಿದೆ. "ಅಜ್ಜಾ ಯಾಕ ನಕ್ರು? ಸಾಯೂ ಹೊತ್ತಿನ್ಯಾಗ ನಗೂದಾ?"

"ಸೌಂಡ್ ಹಿಂದಿ ಅವ್ವಾ, ತುಟಿ ಕನ್ನಡ. ನಮಗ 'ತೇರೀ ಕಹಾನೀ ಖತಂ' ಅಂತ ಕೇಳಿಸ್ತು. ಅಂವಾ ತುಟೀಲೆ ಅಂದಿದ್ದು 'ಮನೀಗಿ ಹೋಗಿ ನಿಮ್ಮವ್ವನ ಕರಕೊಂಡ ಬಾರಲೇ' ಅಂತ. ಅಜ್ಜಾಗ ಖರೇ ಪಿಚ್ಚರ್ ಕಾಣತೈತಿ. ನಮಗ ಹಚ್ಚಿದ್ದು."

ಅವರಿಗೆ ಎಲ್ಲ ತಿಳಿಯುತ್ತಿತ್ತು ಅಂತ ನಾನು ಹೇಳುವುದಿಲ್ಲ. ಅರ್ಧ ತುಟಿಯಿಂದ, ಅರ್ಧ ಅಂದಾಜಿನಿಂದ. ಆದರೆ ಮಾವನವರು ಅಷ್ಟರಲ್ಲೇ ಕಳ್ಳನನ್ನು ಹಿಡಿದಿದ್ದರು. ತುಂಬಿದ ಸಾಲಿನ ನಡುವೆ ಎದ್ದು ನಿಂತು ಶೆಡ್ಡಿನ ದನಿಯಲ್ಲಿ ಸಾರಿದರು: "ಬಿಳೀ ಕೋಟಿನ ಡಾಕ್ಟರ್ ಅದಾನಲಾ, ಅವನ! ಎಲ್ಲಾರೂ ಹುಡುಗಿ ಫೋಟೋ ನೋಡಾಕತ್ತಾಗ ಅಂವಾ ಒಬ್ಬಾ ಬಾಗಲಾ ನೋಡಾಕತ್ತಿದ್ದಾ!"

ಹಿಂದಿನ ಸಾಲಿನ ಕಾಲೇಜು ಹುಡುಗರಿಗೂ ಕನ್ನಡ ಬರುತ್ತಿತ್ತು, ದುರ್ದೈವ. "ಅಜ್ಜಾರ, ಕೈ ಮುಗೀತೇವ್ರಿ, ಹೇಳಬ್ಯಾಡ್ರೀ!" ಅಂತ ಅಂಗಲಾಚಿದರು. ಮಾವನವರು ಅವರ ಮುಖ ನೋಡಿ, ತಿಳಿದು, ನಾಲಿಗೆ ಕಚ್ಚಿಕೊಂಡು ಕೂತರು. ನನಗೂ ನಗು ತಡೆಯಲಾಗಲಿಲ್ಲ.

ನಕ್ಕ ಹುರುಪಿನಲ್ಲೇ ಮಗಳಿಗೆ ಅಂದೆ: "ಮನಿಯಾಗ ಯಾಕ ಹಿಂಗ ಇರಾಂಗಿಲ್ಲ ಅವ್ರು? ಕೇಳ."

ಅವಳು ಕೇಳಿದಳು. ಮಾವನವರು ಪಾಪ್‌ಕಾರ್ನ್ ಜಗಿಯುತ್ತ, ಹವಾ ಹೇಗಿದೆ ಅಂತ ಹೇಳಿದಷ್ಟೇ ಸಾದಾ ಹೇಳಿದರು: "ಪಿಚ್ಚರಿನ್ಯಾಗ ಎಲ್ಲಾರೂ ಮಾರಿ ತೋರಿಸಿ ಮಾತಾಡ್ತಾರಲಾ."

ನನ್ನ ಕೈಯಲ್ಲಿದ್ದ ಸೆರಗು ಹಾಗೇ ನಿಂತಿತು. ನಮ್ಮ ಕಡೆ ಸೊಸೆಯಂದಿರಿಗೆ ಕಲಿಸಿ ಕಳಿಸುತ್ತಾರೆ: ಮಾವನ ಮುಂದೆ ತಲೆಯ ಮೇಲೆ ಸೆರಗು, ಮಾತಾಡುವಾಗ ಸೆರಗಿನ ಚುಂಗು ಬಾಯಿಗೆ ಅಡ್ಡ, ಮುಖ ಗೋಡೆಗೆ. ನಾನು ಚೆನ್ನಾಗಿ ಕಲಿತವಳು. ಇಷ್ಟು ವರ್ಷ "ಊಟಾ ಮಾಡ್ರಿ", "ಗುಳಗಿ ತಗೊಂಡ್ರೇನ್ರಿ", "ನೀರ ಕಾದಾವ್ರಿ" ಅಂತ ಅವರಿಗೆ ಹೇಳಿದ್ದೆಲ್ಲ ಸೆರಗಿಗೆ ಹೇಳಿದ್ದೆ, ಗೋಡೆಗೆ ಹೇಳಿದ್ದೆ. ಮರ್ಯಾದೆ ಅಂತ ನಾನು ಮಾಡುತ್ತಿದ್ದುದು ಅವರಿಗೆ ಮುಚ್ಚಿದ ಬಾಗಿಲಾಗಿತ್ತು. ಅವರು ಯಾವತ್ತೂ ದೂರಲಿಲ್ಲ. ಅವರಿಗೂ ಅದು ಮರ್ಯಾದೆಯೇ.

ಉಳಿದ ಅರ್ಧ ಪಿಚ್ಚರನ್ನು ನಾನು ಕಿವಿ ಬಿಟ್ಟು ಕಣ್ಣಿನಿಂದ ನೋಡಿದೆ. ತುಟಿ ನೋಡುತ್ತ ಹೋದ ಹಾಗೆ ಕೊಡಲಿಯ ಹೆದರಿಕೆ ಕಡಿಮೆಯಾಯಿತು. ಆ ಹೀರೋ ಎಷ್ಟು ಹೊಡೆತ ತಿಂದರೂ ಕಣ್ಣು ಮಾತ್ರ ತಂಗಿಯನ್ನೇ ಹುಡುಕುತ್ತಿದ್ದವು. ಬಿದ್ದವನು ಏಳುವಾಗ ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ತಲೆ. ಎಷ್ಟು ಮಂದಿ ಸೇರಿ ಎಷ್ಟು ಮನಸ್ಸಿಟ್ಟು ಅದನ್ನು ಮಾಡಿರಬೇಕು ಅನಿಸಿತು. ಕೊನೆಗೆ ಬಿಳಿ ಕೋಟಿನವನೇ ಸಿಕ್ಕಿಬಿದ್ದ. ಹಿಂದಿನ ಸಾಲಿನಿಂದ "ಅಜ್ಜಾರ್ ಕೀ ಜೈ" ಅಂದರು. ನನ್ನ ಮಗಳು ಕೊಡಲಿಯನ್ನು ಮನೆಗೆ ತರಲಿಲ್ಲ. ತಂದದ್ದು, ಯಾರ ಮುಖ ಯಾವಾಗ ಎತ್ತ ನೋಡುತ್ತಿತ್ತು ಅನ್ನುವ ವಾದ. ರಿಕ್ಷಾದಲ್ಲೂ ಅದೇ ವಾದ.

ಎಲ್ಲ ಪಿಚ್ಚರೂ ಹೀಗಿರುತ್ತವೆ ಅನ್ನುವ ಮೂರ್ಖಳು ನಾನಲ್ಲ. ಆಮೇಲೆ ನೋಡಿದವುಗಳಲ್ಲಿ ಬರೇ ಕಡಿಯುವ ಖುಷಿಗೇ ಕಡಿಯುವವೂ ಇದ್ದವು, ಅಂಥದರಿಂದ ನಡುವೆಯೇ ಮೂವರೂ ಎದ್ದು ಬಂದಿದ್ದೇವೆ. ಸತ್ತವನಿಗಾಗಿ ಒಬ್ಬರೂ ಅಳದ ಪಿಚ್ಚರು ಹುಡುಗರಿಗೆ ಬೇಡ, ದೊಡ್ಡವರಿಗೂ ಬೇಡ. ಆದರೆ ಹಲವು ಛಲೋ ಇರುತ್ತವೆ. ಆ ವಯಸ್ಸಿನಲ್ಲಿ ಎದೆ ಹೇಗೂ ಬಡಿದುಕೊಳ್ಳುತ್ತಲೇ ಇರುತ್ತದೆ. ಅದನ್ನು ಒಂದು ಮ್ಯಾಟಿನಿ ಹೊತ್ತು ಕೂರಿಸಿ, ಬಡಿಸಿ, ಮತ್ತೆ ಸಮಾಧಾನ ಮಾಡಿ ಮನೆಗೆ ಕಳಿಸುವುದೂ ಒಂದು ಉಪಕಾರವೇ.

ಅವತ್ತು ಸಂಜೆ ಅಕ್ಕಾರ ಫೋನು ಬಂತು, ತೀರ್ಪು ಕೇಳಲಿಕ್ಕೆ. "ಸ್ವಲ್ಪ ಇರ್ರಿ ಅಕ್ಕಾರ" ಅಂತ ಫೋನನ್ನು ಕಟ್ಟೆಯ ಮೇಲಿಟ್ಟು ಪಡಸಾಲೆಗೆ ಹೋದೆ. ಮಾವನವರು ಕುರ್ಚಿಯಲ್ಲಿದ್ದರು. ನಾನು ತಲೆಯ ಸೆರಗು ಬಿಡಲಿಲ್ಲ, ಅದು ಇರಲಿ. ಬಾಯಿಯ ಚುಂಗು ತೆಗೆದೆ. ಅವರ ಎದುರಿಗೆ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ನೆಲದ ಮೇಲೆ ಕೂತೆ. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು. ದನಿ ತೆಗೆಯದೆ, ಬರೇ ತುಟಿ ಆಡಿಸಿದೆ:

"ಮುಂದಿನ ಐತವಾರ ಯಾವ ಪಿಚ್ಚರ್ ರೀ, ಮಾವಾರ?"

ಅವರು ನನ್ನ ಮುಖವನ್ನು ಹೊಸಬರ ಮುಖದ ಹಾಗೆ ನೋಡಿದರು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅಂದರು:

"ನಿನ್ನ ದನಿ ಭಾಳ ಛಲೋ ಐತಿ ಬಿಡವಾ."

ಫೋನು ಎತ್ತಿದೆ, ಅಕ್ಕಾರಿಗೂ ಅವರ ದನಿ ಕೇಳಿಸಿತ್ತು. "ಅಪ್ಪಾ ಏನ ಅಂದಾ?" ಅಂದರು. ಹೇಳಿದೆ. ಆಮೇಲೆ, "ನಾ ಬಂದಾಗ ನನಗೂ ಕಲಿಸವಾ" ಅಂದರು. ರಕ್ತದ ವಿಷಯ ಮತ್ತೆ ಎತ್ತಲಿಲ್ಲ.

ಬಾಜೂ ವೈನಿಗೆ ಇವತ್ತು ಅಷ್ಟೆಲ್ಲ ಹೇಳಲಿಲ್ಲ. "ಒಬ್ಬಾಕಿನ್ನ ಕಳಿಸಬ್ಯಾಡ್ರಿ, ಐತವಾರ ನಮ್ಮ ಜೋಡಿ ಬರಲಿ. ಛಲೋ ಅನಸಲಿಲ್ಲಂದ್ರ ನಡುವ ಎದ್ದ ಬರತೇವಿ" ಅಂದೆ. ಶ್ರಾವಣಿಗೆ ಪರೀಕ್ಷೆ, ಈ ವಾರ ಬರುವುದಿಲ್ಲ. ಓಢಣಿ ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು, ಮಾವನವರ ಎದುರು ಹೋಗಿ ಕೂತೆ. ಈಗ ನಾಚಿಕೆ ಇಲ್ಲ. ಹೊಸ ಪಿಚ್ಚರಿನ ಸುದ್ದಿ ಹೇಳಿದೆ. ಅವರ ಮೊದಲ ಪ್ರಶ್ನೆ ನನಗೆ ಗೊತ್ತೇ ಇತ್ತು.

"ತುಟಿ ಯಾವ ಭಾಷಾದ್ದು?"

"ತೆಲುಗು ರೀ."

"ತೆಲುಗು ನನಗ ಬರಾಂಗಿಲ್ಲ" ಅಂದರು. "ನಡೀತೈತಿ. ಟಾಕೀಜಿನ್ಯಾಗ ನೀ ನನ್ನ ಕಡೆ ತಿರುಗಿ ಕುಂಡ್ರು."