ಜೂನ್ ಒಂದರವರು

ನಮ್ಮ ಮೇಲಿನ ಮನೆಯವರು ಧಾರವಾಡ ಕಡೆಯವರು, ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾಗಿದ್ದರು. ಯಾರು ಸಿಕ್ಕರೂ ಹೆಸರಿಗಿಂತ ಮೊದಲು ಹುಟ್ಟಿದ ತಾರೀಖು ಕೇಳುತ್ತಿದ್ದರು. ಕೇಳಿ, ಕನ್ನಡಕವನ್ನು ಹಣೆಗೇರಿಸಿ, ಪೇಪರಿನ ತುಣುಕು ಅಂಟಿಸಿ ಅಂಟಿಸಿ ಉಬ್ಬಿಹೋಗಿದ್ದ ಡೈರಿ ತೆರೆಯುತ್ತಿದ್ದರು. "ನೀವೊಬ್ಬರೇ ಹುಟ್ಟಿಲ್ರೀ ಅವತ್ತ!" ಎನ್ನುತ್ತ ಅದೇ ದಿನ ಹುಟ್ಟಿದ ದೊಡ್ಡವರನ್ನೆಲ್ಲ ಓದಿ ಹೇಳುತ್ತಿದ್ದರು. ನನಗೆ ಒಬ್ಬ ವಿಜ್ಞಾನಿ ಸಿಕ್ಕಿದ್ದ. ನನ್ನ ಹೆಂಡತಿಗೆ ಸಿಕ್ಕಿದ್ದು ಒಬ್ಬ ದಢೂತಿ ಕುಸ್ತಿಪಟು. ಒಂದು ವಾರ ಅವಳು ಅವರನ್ನು ಚಹಾಕ್ಕೆ ಕರೆಯಲಿಲ್ಲ.

ಅವರದು ಜೂನ್ ಒಂದು. ಆ ಪುಟದಲ್ಲಿ ಇಬ್ಬರು ಮಂತ್ರಿಗಳು, ಒಬ್ಬ ಸೇನಾಧಿಕಾರಿ, ಒಬ್ಬ ಸಿನಿಮಾ ನಟಿ ಇದ್ದರು. ಒಂದು ವರ್ಷ ಆ ದಿನ ನಮ್ಮನ್ನು ಕೇಕಿಗೆ ಕರೆದು, ಕತ್ತರಿಸುವ ಮೊದಲು ಆ ಪುಟ ಓದತೊಡಗಿದರು. ಊರಿಂದ ಬಂದಿದ್ದ ಅವರ ಅಕ್ಕ ಬಿದ್ದು ಬಿದ್ದು ನಕ್ಕರು.

"ಇಂವ ಹುಟ್ಟಿದ್ದು ನಾಗರಪಂಚಮಿ ದಿನಾರೀ. ಸಾಲಿಗೆ ಹಚ್ಚುವಾಗ ತಾರೀಖು ಯಾರಿಗೂ ನೆನಪಿರಲಿಲ್ಲ. ಮಾಸ್ತರು ಅವತ್ತ ಬಂದ ಹನ್ನೊಂದೂ ಹುಡುಗರಿಗೆ ಜೂನ್ ಒಂದು ಅಂತ ಬರಕೊಂಡ್ರು."

ಚಾಕು ಕೇಕಿನ ಮೇಲೆಯೇ ನಿಂತಿತು. ಅವರು ಚಾಕು ಕೆಳಗಿಟ್ಟು ಜೇಬಿನಿಂದ ಪೆನ್ನು ತೆಗೆದರು.

"ಅಕ್ಕಾ, ಉಳಿದ ಹತ್ತು ಮಂದಿ ಯಾರ್‍ಯಾರು ಹೇಳು."

ಗಿರಣಿಯವರ ಹುಡುಗ, ಪೂಜಾರಿ ಮೊಮ್ಮಗ, ಸದಾ ಮೂಗು ಸೋರುತ್ತಿದ್ದ ಗೌಡರ ಕಿರಿಮಗ... ಸಿನಿಮಾ ನಟಿಯ ಕೆಳಗೆ ಒಬ್ಬೊಬ್ಬರನ್ನೇ ಬರೆದುಕೊಂಡು, ಎಣಿಸಿ, ನನ್ನ ಕಡೆ ತಿರುಗಿದರು.

"ನಾನೊಬ್ಬನೇ ಹುಟ್ಟಿಲ್ರೀ ಅವತ್ತ!"